ಗಮ್ಮಿ ತಿನ್ನುವ ಮುಂಚೆ ಊಟದ ಲೆಕ್ಕ ನೋಡಿಕೊಳ್ಳಿ

ಬಿಸಿಬೇಳೆಬಾತ್, ಅದರ ಮೇಲೆ ಧಾರಾಳವಾಗಿ ತುಪ್ಪ, ಪಕ್ಕಕ್ಕೆ ಬೂಂದಿ, ಕೊನೆಗೆ ಎರಡು ಹೋಳಿಗೆ. ಕ್ಯಾಲಿಫೋರ್ನಿಯಾದಲ್ಲಿ ಗೆಳೆಯನ ಮನೆ, ಶನಿವಾರ ರಾತ್ರಿ. ಊಟ ಮುಗಿದಾಗ ಒಂಬತ್ತು ಗಂಟೆ. ಆಮೇಲೆ ನಾನು ಡಿಸ್ಪೆನ್ಸರಿಯಿಂದ, ಅಂದರೆ ಗಾಂಜಾ ಮಾರುವ ಅಂಗಡಿಯಿಂದ, ತಂದಿದ್ದ 5 ಮಿಲಿಗ್ರಾಂನ ಒಂದು ಗಮ್ಮಿ (ಗಾಂಜಾ ಹಾಕಿದ ಜೆಲ್ಲಿ ಮಿಠಾಯಿ) ಬಾಯಿಗೆ ಹಾಕಿಕೊಂಡೆ. ಹತ್ತೂವರೆ ಆಯ್ತು, ಏನೂ ಇಲ್ಲ. ‘ಇದು ಬರೀ ಸಕ್ಕರೆ ಕಣೋ’ ಅಂತ ನಕ್ಕು ಇನ್ನೊಂದು ತಿಂದೆ. ಮೊದಲನೆಯದು ಏರಿದ್ದು ಹನ್ನೆರಡರ ಸುಮಾರಿಗೆ. ಎರಡನೆಯದು ಅದರ ಬೆನ್ನಿಗೇ ಬಂತು. ಬೆಳಗಿನ ಜಾವ ನಾಲ್ಕರವರೆಗೆ ಅವರ ಸೋಫಾದ ಮೇಲೆ ಕೂತು ನನ್ನ ಎದೆಬಡಿತ ನಾನೇ ಎಣಿಸುತ್ತಿದ್ದೆ. ಗೆಳೆಯನ ಹೆಂಡತಿ ಪಾಪ, ಆಗಾಗ ಎದ್ದು ಬಂದು ‘ನೀರು ಬೇಕೇನ್ರೀ?’ ಅಂತ ಕೇಳಿ ಹೋಗುತ್ತಿದ್ದರು.

ಅದಾದ ಒಂದು ತಿಂಗಳ ಮೇಲೆ ಅದೇ ಡಬ್ಬಿಯ ಅದೇ ಗಮ್ಮಿ, ಒಂದೇ ಒಂದು, ಸಂಜೆ ಐದಕ್ಕೆ ತಿಂದೆ. ಮಧ್ಯಾಹ್ನ ಊಟ ಬಿಟ್ಟಿದ್ದೆ. ಹೊಟ್ಟೆಯಲ್ಲಿ ಒಂದು ಲೋಟ ಕಾಫಿ ಬಿಟ್ಟರೆ ಏನೂ ಇರಲಿಲ್ಲ. ನಲವತ್ತು ನಿಮಿಷಕ್ಕೆ ಧಡಕ್ಕನೆ ಏರಿತು. ಡಬ್ಬಿ ಒಂದೇ, ಮಿಲಿಗ್ರಾಂ ಒಂದೇ. ಬೇರೆಯಾಗಿದ್ದದ್ದು ಹೊಟ್ಟೆ ಮಾತ್ರ.

ಗಾಂಜಾ ಹಾಕಿದ ತಿಂಡಿಗೆ ಇಲ್ಲಿ ಎಲ್ಲರೂ ಎಡಿಬಲ್ ಅನ್ನುತ್ತಾರೆ. ಅದರ ಬಗ್ಗೆ ಮಾತು ಬಂದಾಗಲೆಲ್ಲ ಎಷ್ಟು ಮಿಲಿಗ್ರಾಂ ಅನ್ನೋದೇ ಚರ್ಚೆ. ತಟ್ಟೆಯಲ್ಲಿ ಏನಿತ್ತು, ಎಷ್ಟು ಹೊತ್ತಿಗೆ ಉಂಡಿರಿ ಅಂತ ಯಾರೂ ಕೇಳೋದಿಲ್ಲ. ನಾನು ಹೇಳಹೊರಟಿರೋದು ಅದನ್ನೇ.

ಮೊದಲು ಯಾರಿಗೆ ಬರೆಯುತ್ತಿದ್ದೇನೆ ಅಂತ ಹೇಳಿಬಿಡುತ್ತೇನೆ. ಕ್ಯಾಲಿಫೋರ್ನಿಯಾ, ಕೊಲೊರಾಡೋ ತರಹದ ರಾಜ್ಯಗಳಲ್ಲಿ ಇರುವ 21 ದಾಟಿದವರಿಗೆ. ಕೆನಡಾದಲ್ಲಾದರೆ 19 ದಾಟಿದವರಿಗೆ, ಆಲ್ಬರ್ಟಾದಲ್ಲಿ 18, ಕ್ವಿಬೆಕ್‌ನಲ್ಲಿ 21. ಊರಿನಲ್ಲಿ ಕೂತು ಓದುತ್ತಿರುವವರಿಗೆ ಇದು ಬರೀ ತಿಳಿವಳಿಕೆಗೆ. ಭಾರತದಲ್ಲಿ ಮಾದಕ ವಸ್ತುಗಳ ಮೇಲಿನ 1985ರ ಎನ್‌ಡಿಪಿಎಸ್ ಕಾಯ್ದೆ ಇದೆ. ರಜೆಗೆ ಬರುವಾಗ ತಮ್ಮನಿಗೆ ಅಂತ ಸೂಟ್‌ಕೇಸಿನಲ್ಲಿ ನಾಲ್ಕು ಗಮ್ಮಿ ಹಾಕಿಕೊಂಡು ಬರೋದು ತಮಾಷೆಯಲ್ಲ, ಜೈಲಿನ ದಾರಿ. ಗರ್ಭಿಣಿಯರು, ಹಾಲೂಡಿಸುವ ತಾಯಂದಿರು, ಹೃದಯದ ತೊಂದರೆ ಇರುವವರು, ತಮಗೋ ಮನೆಯಲ್ಲಿ ಯಾರಿಗೋ ಸ್ಕಿಜೋಫ್ರೇನಿಯಾದಂಥ ಕಾಯಿಲೆ ಇರುವವರು ಇದರ ಹತ್ತಿರ ಹೋಗಬೇಡಿ.

ಎಚ್-1ಬಿ, ಗ್ರೀನ್ ಕಾರ್ಡ್ ಮೇಲಿರುವ ನಮ್ಮವರು ಇನ್ನೊಂದು ಗಮನಿಸಬೇಕು. ರಾಜ್ಯ ಒಪ್ಪಿದರೂ ಫೆಡರಲ್ ಕಾನೂನಿನಲ್ಲಿ ಇದು ನಿಯಂತ್ರಿತ ವಸ್ತುವೇ. ರಾಜ್ಯದಲ್ಲಿ ತಪ್ಪಲ್ಲದಿದ್ದರೂ ಪೌರತ್ವದ ಅರ್ಜಿಗೆ ಇದು ಅಡ್ಡ ಬರಬಹುದು ಅಂತ ಅಮೆರಿಕದ ವಲಸೆ ಇಲಾಖೆ 2019ರ ಏಪ್ರಿಲ್‌ನಲ್ಲೇ ಬಿಡಿಸಿ ಬರೆದಿದೆ. ಡಿಸ್ಪೆನ್ಸರಿ ಬಾಗಿಲಲ್ಲಿ ಸೆಲ್ಫಿ ತೆಗೆದು ಗ್ರೂಪಿಗೆ ಹಾಕುವವರು ಇದನ್ನು ಇನ್ನೊಮ್ಮೆ ಓದಿಕೊಳ್ಳಿ.

1. ಡಬ್ಬಿಯ ಮೇಲಿನ ಅಂಕಿ ಓದಿ, ಆಮೇಲೆ ಅರ್ಧ ಮಾಡಿ

ಊಟದ ಲೆಕ್ಕ ಹಾಕಬೇಕಾದರೆ ತಿನ್ನುವ ಪ್ರಮಾಣ ಗೊತ್ತಿರಬೇಕು. ಗಾಂಜಾದಲ್ಲಿ ಅಮಲು ತರಿಸುವ ಅಂಶಕ್ಕೆ ಟಿಎಚ್‌ಸಿ ಅಂತ ಹೆಸರು. ಕ್ಯಾಲಿಫೋರ್ನಿಯಾದಲ್ಲಿ ಸಾಮಾನ್ಯ ಗಿರಾಕಿಗೆ ಮಾರುವ ಎಡಿಬಲ್‌ನಲ್ಲಿ ಒಂದು ಸಲಕ್ಕೆ ಅಂತ ಇರುವ ಪಾಲಿನಲ್ಲಿ ಹೆಚ್ಚೆಂದರೆ 10 ಮಿಲಿಗ್ರಾಂ, ಇಡೀ ಪ್ಯಾಕೆಟ್ಟಿನಲ್ಲಿ 100 ಇರಬಹುದು. ಕೆನಡಾದವರು ಬಿಗಿ, ಅಲ್ಲಿ ಪ್ಯಾಕೆಟ್ಟಿಗೇ 10. ಅಲ್ಲಿನ ಆರೋಗ್ಯ ಇಲಾಖೆ ಹೊಸಬರಿಗೆ ಹೇಳೋದು 2.5 ಮಿಲಿಗ್ರಾಂ ಅಥವಾ ಅದಕ್ಕಿಂತ ಕಮ್ಮಿಯಿಂದ ಶುರು ಮಾಡಿ ಅಂತ. ಅಂದರೆ 5ರ ಗಮ್ಮಿಯಾದರೆ ಅರ್ಧ, 10ರದಾದರೆ ಕಾಲು. ಚಾಕುವಿನಲ್ಲಿ ಕತ್ತರಿಸಿ. ಹಲ್ಲಿನಲ್ಲಿ ಕಚ್ಚಿ ಅಂದಾಜು ಮಾಡಿದರೆ ನಾಲಗೆ ಗೆಲ್ಲುತ್ತದೆ.

ಯಾರೋ ಮನೆಯಲ್ಲಿ ಬೇಯಿಸಿದ ಬ್ರೌನಿಗೆ ಈ ಲೇಖನ ಅನ್ವಯಿಸೋದಿಲ್ಲ. ಅದರ ಒಂದು ಮೂಲೆಯಲ್ಲಿ ಏನೂ ಇರದೆ ಇನ್ನೊಂದು ಮೂಲೆಯಲ್ಲಿ ಎಲ್ಲವೂ ಇರಬಹುದು. ಕೊಟ್ಟವರು ಎಷ್ಟೇ ಆಪ್ತರಾದರೂ ಬೇಡ ಅನ್ನಿ.

2. ಕೈಯಲ್ಲಿರುವುದು ಯಾವ ಜಾತಿಯದು ನೋಡಿ

ಎಡಿಬಲ್ ಎಲ್ಲ ಒಂದೇ ಅಲ್ಲ, ಊಟದ ಜೊತೆ ಒಂದೊಂದು ಒಂದೊಂದು ಥರ ನಡೆದುಕೊಳ್ಳುತ್ತದೆ.

ಗಮ್ಮಿಯಲ್ಲಿ ಇರೋದು ಹೆಚ್ಚಾಗಿ ಸಕ್ಕರೆ, ಜೊತೆಗೆ ಜೆಲಟಿನ್ ಅಥವಾ ಪೆಕ್ಟಿನ್. ಜಿಡ್ಡು ಬಹಳ ಕಮ್ಮಿ. ಸಸ್ಯಾಹಾರಿಗಳೇ, ಜೆಲಟಿನ್ ಅಂದರೆ ಪ್ರಾಣಿಯದು, ಪೆಕ್ಟಿನ್ ಹಣ್ಣಿನದು, ಪಟ್ಟಿ ಓದಿ ತಗೊಳ್ಳಿ. ಜಿಡ್ಡು ಕಮ್ಮಿ ಇರೋದರಿಂದ ಗಮ್ಮಿಯ ಆಟವೆಲ್ಲ ನಿಮ್ಮ ಊಟದ ಮೇಲೆ ನಿಂತಿರುತ್ತದೆ. ಚಾಕೊಲೇಟು, ಬ್ರೌನಿ, ಕುಕ್ಕಿಗಳಲ್ಲಿ ಬೆಣ್ಣೆ ಅಥವಾ ಕೋಕೋ ಜಿಡ್ಡು ಆಗಲೇ ಇರುತ್ತದೆ. ಅವು ತಮ್ಮ ಬುತ್ತಿ ತಾವೇ ಕಟ್ಟಿಕೊಂಡು ಬಂದ ಹಾಗೆ. ಬಾಟಲಿ, ಕ್ಯಾನಿನಲ್ಲಿ ಬರುವ ಪಾನೀಯಗಳಲ್ಲಿ ಎಣ್ಣೆಯನ್ನು ತೀರಾ ಸಣ್ಣ ಕಣ ಮಾಡಿ ನೀರಿನಲ್ಲಿ ಬೆರೆಸಿರುತ್ತಾರೆ, ಹಾಗಾಗಿ ಅವು ಗಮ್ಮಿಗಿಂತ ಬೇಗ ಏರಬಹುದು. ನಾಲಗೆ ಕೆಳಗೆ ಬಿಟ್ಟುಕೊಳ್ಳುವ ಟಿಂಕ್ಚರ್ ಬಾಯಿಯ ಒಳಚರ್ಮದಿಂದಲೇ ಸ್ವಲ್ಪ ರಕ್ತಕ್ಕೆ ಸೇರುತ್ತದೆ ಅನ್ನೋದು ನಿಜ. ಆದರೆ ನಾವು ಎಷ್ಟು ಹೊತ್ತು ಇಟ್ಟುಕೊಳ್ಳುತ್ತೇವೆ? ಎಂಜಲು ತುಂಬಿ ನುಂಗಿಬಿಡುತ್ತೇವೆ. ನುಂಗಿದ ಮೇಲೆ ಅದೂ ಹೊಟ್ಟೆಯ ದಾರಿಯೇ.

3. ಒಳಗೆ ಏನಾಗುತ್ತದೆ ಅಂತ ಒಮ್ಮೆ ತಿಳಿದುಕೊಳ್ಳಿ

ಈ ಭಾಗ ಸ್ವಲ್ಪ ಉದ್ದ. ಇದು ತಲೆಗೆ ಹೋದರೆ ಉಳಿದದ್ದೆಲ್ಲ ನಿಮಗೇ ಹೊಳೆಯುತ್ತದೆ.

ಸೇದಿದಾಗ ಟಿಎಚ್‌ಸಿ ಶ್ವಾಸಕೋಶದಿಂದ ಸೀದಾ ರಕ್ತಕ್ಕೆ, ಅಲ್ಲಿಂದ ತಲೆಗೆ ಹೋಗುತ್ತದೆ. ನಿಮಿಷಗಳ ಮಾತು. ತಿಂದಾಗ ಹಾಗಲ್ಲ. ಅದು ಜಠರದಲ್ಲಿ ಕೂತು, ಸಣ್ಣ ಕರುಳಿಗೆ ಇಳಿದು, ಅಲ್ಲಿ ಹೀರಿಕೊಂಡ ಮೇಲೆ ಲಿವರಿಗೆ ಹೋಗುತ್ತದೆ. ಲಿವರ್ ಅದರಲ್ಲಿ ಬಹುಪಾಲನ್ನು ಅಲ್ಲೇ ಒಡೆದು ಹಾಕುತ್ತದೆ. ಟಿಎಚ್‌ಸಿಯನ್ನೇ ಕ್ಯಾಪ್ಸೂಲ್ ಮಾಡಿ ಮಾರುವ ಡ್ರೊನಾಬಿನಾಲ್ ಅನ್ನುವ ಔಷಧ ಇದೆ. ಕೀಮೋಥೆರಪಿಯ ವಾಂತಿಗೆ ಅಂತ ಅಮೆರಿಕದಲ್ಲಿ 1985ರಲ್ಲೇ ಒಪ್ಪಿಗೆ ಪಡೆದದ್ದು. ಅದರ ಚೀಟಿಯಲ್ಲಿ ಬರೆದಿರುವಂತೆ ನುಂಗಿದ್ದರಲ್ಲಿ ಶೇ 90ಕ್ಕೂ ಮೇಲ್ಪಟ್ಟು ಕರುಳು ಹೀರಿಕೊಂಡರೂ ಮೈಯೆಲ್ಲ ಓಡಾಡುವ ರಕ್ತಕ್ಕೆ ತಲುಪೋದು ಶೇ 10ರಿಂದ 20 ಮಾತ್ರ.

ಹಾಗಾದರೆ ತಿಂದದ್ದು ಇಷ್ಟು ಜೋರಾಗಿ ಯಾಕೆ ಏರುತ್ತದೆ? ಲಿವರ್ ಒಡೆಯುವಾಗ ಇನ್ನೊಂದು ಪದಾರ್ಥ ಹುಟ್ಟುತ್ತದೆ, ಹೆಸರು 11-ಹೈಡ್ರಾಕ್ಸಿ-ಟಿಎಚ್‌ಸಿ. ಅದಕ್ಕೂ ಅಮಲು ತರಿಸುವ ಗುಣ ಇದೆ, ಮಿದುಳಿಗೂ ಸಲೀಸಾಗಿ ಹೋಗುತ್ತದೆ. ಸೇದಿದಾಗ ಇದು ಸ್ವಲ್ಪವೇ ಹುಟ್ಟುತ್ತದೆ, ತಿಂದಾಗ ಜಾಸ್ತಿ. ‘ನಾನು ಕಾಲೇಜಿನಲ್ಲಿ ಸೇದಿದವನು ಬಿಡು, ನನಗೇನಾಗುತ್ತೆ’ ಅನ್ನುವ ಧೈರ್ಯ ಇಲ್ಲಿ ಕೆಲಸಕ್ಕೆ ಬರೋದಿಲ್ಲ.

ಈಗ ಊಟ ನಡುವೆ ಬಂತು ಅಂತಿಟ್ಟುಕೊಳ್ಳಿ. ಊಟ ಎರಡು ಕೆಲಸ ಮಾಡುತ್ತದೆ, ಒಂದಕ್ಕೊಂದು ಉಲ್ಟಾ ಅನಿಸುವಂಥವು.

ಮೊದಲನೆಯದು, ತಡ ಮಾಡುತ್ತದೆ. ಹೊಟ್ಟೆ ತುಂಬಿದ್ದರೆ, ಅದರಲ್ಲೂ ಜಿಡ್ಡು ಜಾಸ್ತಿ ಇದ್ದರೆ, ಜಠರ ಮುಂದಕ್ಕೆ ಬಿಡೋದೇ ನಿಧಾನ. ಹಬ್ಬದ ಹಿಂದಿನ ದಿನ ಮೆಜೆಸ್ಟಿಕ್ಕಿನಿಂದ ಹೊರಟ ಬಸ್ಸಿನ ಹಾಗೆ. ಗಮ್ಮಿ ಆ ಬಸ್ಸಿನ ಹಿಂದಿನ ಸೀಟಿನಲ್ಲಿ ಸಿಕ್ಕಿಕೊಂಡಿರುತ್ತದೆ.

ಎರಡನೆಯದು, ಜಾಸ್ತಿ ಒಳಗೆ ಬಿಡುತ್ತದೆ. ಟಿಎಚ್‌ಸಿ ನೀರಿನಲ್ಲಿ ಕರಗೋದಿಲ್ಲ, ಜಿಡ್ಡಿನಲ್ಲಿ ಕರಗುತ್ತದೆ. ಜಿಡ್ಡಿನ ಊಟ ಬಂದಾಗ ಪಿತ್ತರಸ ಸುರಿಯುತ್ತದೆ, ತುಪ್ಪ ಎಣ್ಣೆಯೆಲ್ಲ ಸಣ್ಣ ಹನಿಗಳಾಗುತ್ತವೆ, ಟಿಎಚ್‌ಸಿ ಆ ಹನಿಗಳೊಳಗೆ ಕೂತುಕೊಳ್ಳುತ್ತದೆ. ಅದರಲ್ಲಿ ಒಂದಿಷ್ಟು ಲಿವರಿಗೆ ಹೋಗದೆ ದುಗ್ಧರಸದ ಕಾಲುವೆ ಹಿಡಿದು ರಕ್ತಕ್ಕೆ ಸೇರಬಲ್ಲದು. ಟೋಲ್ ಗೇಟು ತಪ್ಪಿಸಿ ಊರೊಳಗಿನ ದಾರಿಯಲ್ಲಿ ಹೋದಂತೆ.

ಎಷ್ಟು ವ್ಯತ್ಯಾಸ ಆಗುತ್ತದೆ ಅನ್ನೋದಕ್ಕೆ ಮತ್ತೆ ಆ ಕ್ಯಾಪ್ಸೂಲಿನ ಚೀಟಿಯನ್ನೇ ನೋಡಬಹುದು. ಸುಮಾರು 950 ಕ್ಯಾಲರಿಯ, ಅರ್ಧದಷ್ಟು ಕ್ಯಾಲರಿ ಜಿಡ್ಡಿನಿಂದಲೇ ಬರುವ ಊಟ ಕೊಟ್ಟು ನುಂಗಿಸಿದಾಗ ರಕ್ತದಲ್ಲಿ ಟಿಎಚ್‌ಸಿ ತುದಿ ಮುಟ್ಟೋದು ಸುಮಾರು 4 ಗಂಟೆ ತಡವಾಯಿತು. ಒಟ್ಟಾರೆ ದೇಹಕ್ಕೆ ಸಿಕ್ಕಿದ್ದು 2.9 ಪಟ್ಟು ಆಯಿತು. ಆದರೆ ತುದಿಯ ಎತ್ತರ ಹೇಳಿಕೊಳ್ಳುವಷ್ಟು ಬದಲಾಗಲಿಲ್ಲ. ಈ ಕೊನೆಯ ಮಾತು ನನಗೆ ಬಹಳ ಹಿಡಿಸಿತು. ‘ತುಪ್ಪ ತಿಂದರೆ ಡಬಲ್ ಏರುತ್ತೆ’ ಅನ್ನೋದು ನಮ್ಮ ಹುಡುಗರ ನಂಬಿಕೆ ಅಲ್ವಾ? ಎತ್ತರ ಅಷ್ಟೇನೂ ಬದಲಾಗದೆ ಅಗಲ ಜಾಸ್ತಿಯಾಗುತ್ತದೆ. ತಡವಾಗಿ ಬಂದು, ಹೋಗದೆ ಕೂರುವ ನೆಂಟ. ಗಮ್ಮಿ ಮತ್ತು ಕ್ಯಾಪ್ಸೂಲ್ ಒಂದೇ ಅಲ್ಲ ಅನ್ನೋದು ನೆನಪಿರಲಿ (ಆ ಕ್ಯಾಪ್ಸೂಲಿನೊಳಗೆ ಎಳ್ಳೆಣ್ಣೆ ಇರುತ್ತದೆ), ಆದರೆ ದಾರಿ ಅದೇ.

ಗಾಂಜಾದಲ್ಲೇ ಇರುವ, ಆದರೆ ಅಮಲು ತರಿಸದ ಸಿಬಿಡಿ ಅನ್ನುವ ಇನ್ನೊಂದು ಅಂಶಕ್ಕೂ ಇದೇ ಕಥೆ, ಇನ್ನೂ ಜೋರು. 2018ರಲ್ಲಿ ಒಪ್ಪಿಗೆ ಸಿಕ್ಕ ಎಪಿಡಿಯೋಲೆಕ್ಸ್ ಅನ್ನುವ ಮೂರ್ಛೆರೋಗದ ಔಷಧ ಶುದ್ಧ ಸಿಬಿಡಿ. ಜಿಡ್ಡಿನ ಊಟದ ಜೊತೆ ಕೊಟ್ಟರೆ ಅದರ ತುದಿ 5 ಪಟ್ಟು, ಒಟ್ಟು 4 ಪಟ್ಟು ಏರುತ್ತದೆ. ನಿದ್ದೆಗೆ ಅಂತ ಸಿಬಿಡಿ ಎಣ್ಣೆ ತಗೊಂಡು ‘ಕೆಲಸವೇ ಮಾಡಲ್ಲ’ ಅನ್ನುವವರು ಖಾಲಿ ಹೊಟ್ಟೆಯಲ್ಲಿ ತಗೊಳ್ಳುತ್ತಿದ್ದಾರಾ ಅಂತ ನೋಡಿಕೊಳ್ಳಲಿ.

4. ತಟ್ಟೆ ಆರಿಸಿ

ಖಾಲಿ ಹೊಟ್ಟೆ ಬೇಡ. ಬೇಗ ಏರುತ್ತದೆ ಅನ್ನೋದಷ್ಟೇ ಅಲ್ಲ, ಒಮ್ಮೆಲೇ ಏರುತ್ತದೆ. ತಲೆ ಸುತ್ತು, ಹೊಟ್ಟೆ ತೊಳಸು, ಎದ್ದು ನಿಂತರೆ ಕಣ್ಣು ಕತ್ತಲೆ. ಟಿಎಚ್‌ಸಿ ಎದೆಬಡಿತ ಜಾಸ್ತಿ ಮಾಡುತ್ತದೆ, ನಿಂತಾಗ ಬಿಪಿ ಇಳಿಸಬಹುದು. ಅದಕ್ಕೆ ಹಸಿವೂ ಸೇರಿದರೆ ಬಚ್ಚಲಮನೆಯಲ್ಲಿ ಬೀಳೋದಕ್ಕೆ ಇನ್ನೇನು ಬೇಕು?

ಏಕಾದಶಿ, ಶಿವರಾತ್ರಿ ಉಪವಾಸದ ದಿನ ಅಂತೂ ಬೇಡವೇ ಬೇಡ. ಇಂಟರ್‌ಮಿಟೆಂಟ್ ಫಾಸ್ಟಿಂಗ್ ಮಾಡುವವರು ಹದಿನಾರು ಗಂಟೆ ಉಪವಾಸದ ಕೊನೆಗೆ ಗಮ್ಮಿ ತಿಂದು, ಅದರ ಹಿಂದೆಯೇ ಭರ್ಜರಿ ಊಟ ಮಾಡುತ್ತಾರೆ. ಒಂದಿಷ್ಟು ಊಟಕ್ಕೆ ಮುಂಚೆ ಏರಿ, ಇನ್ನೊಂದಿಷ್ಟು ಊಟದ ಜೊತೆ ಸಿಕ್ಕಿಕೊಂಡು, ಯಾವಾಗ ಏನಾಗುತ್ತಿದೆ ಅಂತ ಲೆಕ್ಕವೇ ಸಿಗದ ಹಾಗಾಗುತ್ತದೆ.

ಭಾರಿ ಊಟದ ಮೇಲೂ ಬೇಡ, ಕಾರಣ ನನ್ನ ಸೋಫಾ ಕಥೆಯಲ್ಲೇ ಇದೆ. ಮದುವೆಮನೆ ಊಟ, ಬಿರಿಯಾನಿ, ಪೂರಿ ಸಾಗು, ಚೀಸ್ ಸುರಿದ ಪಿಜ್ಜಾ, ಇವೆಲ್ಲ ಒಂದೇ ಪಂಕ್ತಿ.

ನಡುವಿನದು ಒಳ್ಳೆಯದು. ಹಗುರ ಊಟ, ಅದರಲ್ಲಿ ಸ್ವಲ್ಪ ಜಿಡ್ಡು, ತಿಂದು ಒಂದು, ಒಂದೂವರೆ ಗಂಟೆ ಬಿಟ್ಟು ಗಮ್ಮಿ. ನನಗೆ ಹೊಂದಿದ್ದು ಎರಡು ಚಪಾತಿ ಪಲ್ಯ, ಅಥವಾ ಒಂದು ಬಟ್ಟಲು ಉಪ್ಪಿಟ್ಟು, ಅಥವಾ ಅನ್ನ ತಿಳಿಸಾರಿಗೆ ಒಂದು ಚಮಚ ತುಪ್ಪ. ಮೊಸರನ್ನವೂ ಸರಿ. ಬಟ್ಟಲಿನ ಅಳತೆ ನಿಮ್ಮದು, ಆದರೆ ಉಂಡು ಎದ್ದಾಗ ಬೆಲ್ಟು ಸಡಿಲ ಮಾಡಬೇಕು ಅನಿಸಬಾರದು.

ಇನ್ನೊಂದು ಸಂಗತಿ, ಬಹುಶಃ ಇಡೀ ಲೇಖನದಲ್ಲಿ ಮುಖ್ಯವಾದದ್ದು: ಪ್ರತಿ ಸಲವೂ ಅದೇ ಥರ ತಿನ್ನಿ. ಡ್ರೊನಾಬಿನಾಲ್ ಚೀಟಿಯಲ್ಲೂ ಊಟಕ್ಕೂ ಔಷಧಕ್ಕೂ ನಡುವಿನ ಹೊತ್ತು ಬದಲಾಯಿಸಬೇಡಿ ಅಂತಲೇ ಇದೆ. ಯಾವ ಊಟ ಒಳ್ಳೆಯದು ಅನ್ನುವ ವಾದಕ್ಕಿಂತ ಒಂದೇ ಊಟಕ್ಕೆ ಅಂಟಿಕೊಳ್ಳೋದು ಮೇಲು. ಮೊದಲ ಮೂರು ನಾಲ್ಕು ಸಲ ಅದೇ ತಿಂಡಿ, ಅದೇ ಹೊತ್ತು, ಅದೇ ಅರ್ಧ ಗಮ್ಮಿ. ಬೋರು ಹೊಡೆಯುತ್ತದೆ, ಹೊಡೆಯಲಿ.

5. ಗಡಿಯಾರ ಹಿಂದಕ್ಕೆ ಎಣಿಸಿ

ಕೆನಡಾದ ಆರೋಗ್ಯ ಇಲಾಖೆ ಕೊಡುವ ಲೆಕ್ಕ ಇದು: ತಿಂದ ಮೇಲೆ ಏರೋದಕ್ಕೆ ಅರ್ಧ ಗಂಟೆಯಿಂದ 2 ಗಂಟೆ, ಪೂರ್ತಿ ಏರೋದಕ್ಕೆ 4 ಗಂಟೆಯವರೆಗೆ, ಇರೋದು 12 ಗಂಟೆಯವರೆಗೆ. ಉಳಿದ ಮಂಕು 24 ಗಂಟೆಯವರೆಗೂ ಇರಬಹುದು.

ಈಗ ನಮ್ಮ ಮನೆಗಳ ಊಟದ ಹೊತ್ತು ನೋಡಿ. ಇಲ್ಲಿನವರು ಆರಕ್ಕೆ ಉಂಡು ಮುಗಿಸುತ್ತಾರೆ, ಏಳೂವರೆಗೆ ಗಮ್ಮಿ ತಿಂದರೆ ಹನ್ನೊಂದೂವರೆ ದಾಟುವ ಹೊತ್ತಿಗೆ ಇಳಿಮುಖ. ನಾವು ಆಫೀಸು ಮುಗಿಸಿ, ಊರಿಗೆ ಫೋನು ಮಾಡಿ, ಒಗ್ಗರಣೆ ಹಾಕಿ ಉಣ್ಣೋದು ಒಂಬತ್ತಕ್ಕೆ. ಆಮೇಲೆ ಗಮ್ಮಿ. ಅದು ತುದಿ ಮುಟ್ಟುವ ಹೊತ್ತಿಗೆ ನಡುರಾತ್ರಿ ದಾಟಿ ಎರಡು ಗಂಟೆ, ಎಲ್ಲರೂ ಮಲಗಿದ್ದಾರೆ, ನೀವೊಬ್ಬರೇ ಕತ್ತಲಲ್ಲಿ ಫ್ಯಾನ್ ನೋಡುತ್ತಾ ಇದ್ದೀರಿ. ಹೆದರಿಕೆ ಹುಟ್ಟೋದಕ್ಕೆ ಇದಕ್ಕಿಂತ ಒಳ್ಳೆಯ ಏರ್ಪಾಡು ಬೇರೆ ಇಲ್ಲ.

ಆದ್ದರಿಂದ ಮಲಗುವ ಹೊತ್ತಿನಿಂದ ಹಿಂದಕ್ಕೆ ಎಣಿಸಿ. ಹನ್ನೊಂದಕ್ಕೆ ಮಲಗುವವರಾದರೆ ಗಮ್ಮಿ ಆರಕ್ಕೆ, ಹಗುರ ಊಟ ನಾಲ್ಕೂವರೆಗೆ. ವಾರದ ದಿನ ಇದು ಆಗೋದಿಲ್ಲ ಅಂತೀರಾ? ಹಾಗಾದರೆ ವಾರದ ದಿನ ಬೇಡ. ಮಾರನೆಯ ದಿನ ಬೆಳಿಗ್ಗೆ ಏಳಕ್ಕೆ ಮಗುವನ್ನು ಸ್ಕೂಲಿಗೆ ಕಾರಿನಲ್ಲಿ ಬಿಡಬೇಕಾದ ರಾತ್ರಿ ಅಂತೂ ಲೆಕ್ಕವೇ ಕೂಡಿ ಬರೋದಿಲ್ಲ. ತಡವಾದ ಜಿಡ್ಡಿನ ಊಟದ ಮೇಲೆ ತಿಂದಿದ್ದರೆ ಬೆಳಿಗ್ಗೆಯೂ ಅದು ನಿಮ್ಮೊಳಗೆ ಇರಬಹುದು, ಸ್ಟಿಯರಿಂಗ್ ಮುಟ್ಟಬೇಡಿ.

6. ಎರಡನೆಯದು ಇವತ್ತು ಬೇಡ

ಈ ಹೆಜ್ಜೆಯಲ್ಲಿ ರಾಜಿ ಇಲ್ಲ.

ಕೊಲೊರಾಡೋದಲ್ಲಿ ಅಂಗಡಿ ಮಾರಾಟ ಶುರುವಾಗಿದ್ದು 2014ರ ಜನವರಿ 1ಕ್ಕೆ. ಅದೇ ವರ್ಷ ಮಾರ್ಚ್‌ನಲ್ಲಿ 19 ವರ್ಷದ ಒಬ್ಬ ಹುಡುಗ ಕುಕ್ಕಿಯ ಒಂದು ತುಂಡು ತಿಂದ. ಅಂಗಡಿಯವರು ಹೇಳಿದ್ದೇ ಅಷ್ಟು, ಆ ತುಂಡಿನಲ್ಲಿ 10 ಮಿಲಿಗ್ರಾಂ. ಅರ್ಧ ಗಂಟೆಯಿಂದ ಒಂದು ಗಂಟೆಯೊಳಗೆ ಏನೂ ಅನಿಸಲಿಲ್ಲ ಅಂತ ಉಳಿದದ್ದನ್ನೂ ತಿಂದ. ಇಡೀ ಕುಕ್ಕಿಯಲ್ಲಿ 65 ಮಿಲಿಗ್ರಾಂ ಇತ್ತು. ಆಮೇಲೆ ಮಾತು, ನಡೆ ಎಲ್ಲ ಕೆಟ್ಟು, ಮೊದಲ ತುಂಡು ತಿಂದ ಸುಮಾರು ಮೂರೂವರೆ ಗಂಟೆಗೆ ನಾಲ್ಕನೇ ಮಹಡಿಯ ಬಾಲ್ಕನಿಯಿಂದ ಹಾರಿ ಸತ್ತ. ಅಮೆರಿಕದ ರೋಗ ನಿಯಂತ್ರಣ ಕೇಂದ್ರ, ಅಂದರೆ ಸಿಡಿಸಿ, ಇದನ್ನು 2015ರಲ್ಲಿ ವರದಿ ಮಾಡಿತು.

ಅವನು ಮಾಡಿದ ತಪ್ಪನ್ನೇ ನಾನೂ ಮಾಡಿದ್ದು. ನನ್ನ ಗಮ್ಮಿ ಸಣ್ಣದಿತ್ತು, ಅಷ್ಟೇ. ‘ಎರಡು ಗಂಟೆ ಕಾಯಿರಿ’ ಅಂತ ಡಬ್ಬಿ ಮೇಲೆ ಬರೆದಿರುತ್ತಾರೆ. ಹಗುರ ಹೊಟ್ಟೆಗೆ ಆ ಮಾತು ನಡೆದೀತು. ಬಿಸಿಬೇಳೆಬಾತಿಗೆ ನಡೆಯೋದಿಲ್ಲ. ಜಿಡ್ಡಿನ ಊಟ ತುದಿಯನ್ನು ನಾಲ್ಕು ಗಂಟೆ ಮುಂದಕ್ಕೆ ತಳ್ಳಬಲ್ಲದಾದರೆ ಎರಡು ಗಂಟೆಗೆ ‘ಏನೂ ಆಗಲಿಲ್ಲ’ ಅನ್ನೋದಕ್ಕೆ ಅರ್ಥವೇ ಇಲ್ಲ. ಅದು ಇನ್ನೂ ಬಸ್ಸಿನಲ್ಲೇ ಇದೆ. ಹಾಗಾಗಿ ಒಂದು ದಿನಕ್ಕೆ ಒಂದೇ. ಏರಲಿಲ್ಲವಾ? ಇನ್ನೊಂದು ದಿನ, ಅದೇ ಊಟದ ಮೇಲೆ, ಸ್ವಲ್ಪ ಜಾಸ್ತಿ ನೋಡಿ.

ಫೋನಿನಲ್ಲಿ ಬರೆದಿಟ್ಟುಕೊಳ್ಳಿ: ಏನು ಉಂಡೆ, ಎಷ್ಟಕ್ಕೆ ಉಂಡೆ, ಗಮ್ಮಿ ಎಷ್ಟಕ್ಕೆ, ಎಷ್ಟು ಮಿಲಿಗ್ರಾಂ, ಎಷ್ಟಕ್ಕೆ ಏರಿತು. ಅಮಲಿನಲ್ಲಿ ಹೊತ್ತಿನ ಅಂದಾಜು ಕೆಡುತ್ತದೆ, ಹತ್ತು ನಿಮಿಷ ಒಂದು ಗಂಟೆ ಅನಿಸುತ್ತದೆ. ಆಗ ನಿಮ್ಮ ಮಾತು ನೀವೇ ನಂಬಬೇಡಿ, ಫೋನು ನೋಡಿ.

7. ಜೊತೆಗೆ ಏನು ಕುಡಿಯುತ್ತೀರಿ, ಯಾವ ಮಾತ್ರೆ ನುಂಗುತ್ತೀರಿ

ಬಿಯರು, ವಿಸ್ಕಿ ಜೊತೆ ಬೇಡ. ಮದ್ಯ ಸೇರಿದರೆ ರಕ್ತದಲ್ಲಿ ಟಿಎಚ್‌ಸಿ ಇನ್ನೂ ಏರಬಹುದು, ವಾಂತಿಯಂತೂ ಬಹಳ ಹತ್ತಿರ. ಪಾರ್ಟಿಗಳಲ್ಲಿ ಕೆಟ್ಟುಹೋದ ರಾತ್ರಿಗಳೆಲ್ಲ ನಾನು ಕಂಡಂತೆ ಈ ಜೋಡಿಯಿಂದಲೇ.

ಮಾತ್ರೆಗಳ ವಿಷಯ. ಟಿಎಚ್‌ಸಿ ಒಡೆಯುವ ಲಿವರಿನ ಕಿಣ್ವಗಳೇ ಬೇರೆ ಹಲವು ಔಷಧಗಳನ್ನೂ ಒಡೆಯುತ್ತವೆ. ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್ ಅದರಲ್ಲಿ ಒಂದು. ಡಯಾಬಿಟಿಸ್ಸಿಗೆ, ತೂಕಕ್ಕೆ ಅಂತ ಈಗ ಎಲ್ಲರೂ ಚುಚ್ಚಿಕೊಳ್ಳುತ್ತಿರುವ ಒಜೆಂಪಿಕ್ ಥರದ ಔಷಧಗಳು ಜಠರ ಖಾಲಿಯಾಗೋದನ್ನೇ ನಿಧಾನ ಮಾಡುತ್ತವೆ. ಹಳೆಯ ಸಕ್ಕರೆ ಕಾಯಿಲೆಯವರಲ್ಲಿ ಕೆಲವರಿಗೆ ಜಠರವೇ ನಿಧಾನವಾಗಿರುತ್ತದೆ. ಇಂಥವರಿಗೆ ಉಪ್ಪಿಟ್ಟು ತಿಂದರೂ ಬಿರಿಯಾನಿ ತಿಂದ ಲೆಕ್ಕ ಆಗಬಹುದು, ಮೇಲಿನ ಗಂಟೆಗಳ ಲೆಕ್ಕ ಕೈಕೊಡುತ್ತದೆ. ಡಾಕ್ಟರ ಹತ್ತಿರ ನಾಚಿಕೆ ಬಿಟ್ಟು ಕೇಳಿ. ಕ್ಯಾಲಿಫೋರ್ನಿಯಾದ ಡಾಕ್ಟರಿಗೆ ಇದು ದಿನನಿತ್ಯದ ಪ್ರಶ್ನೆ.

ಗಮ್ಮಿಗೆ ಮುಂಚೆ ಮಾವಿನಹಣ್ಣು ತಿಂದರೆ ಜೋರಾಗಿ ಏರುತ್ತದೆ ಅನ್ನುವ ಮಾತು ಇಂಟರ್ನೆಟ್ಟಿನಲ್ಲಿ ಸುತ್ತುತ್ತಲೇ ಇರುತ್ತದೆ. ಮಾವಿನಲ್ಲೂ ಗಾಂಜಾದಲ್ಲೂ ಮಿರ್ಸೀನ್ ಅನ್ನುವ ಒಂದೇ ಪರಿಮಳದ ಪದಾರ್ಥ ಇದೆ ಅನ್ನೋದು ಅದಕ್ಕೆ ಕಾರಣ. ಅದಕ್ಕೆ ಗಟ್ಟಿ ಪುರಾವೆ ಇಲ್ಲ. ಮಾವಿನಹಣ್ಣು ತಿನ್ನೋದಕ್ಕೆ ಕಾರಣ ಹುಡುಕಬೇಕಾ ಅಂತ!

8. ಏರಿದ ಮೇಲಿನ ಹಸಿವು

ಅರ್ಧ ದಾರಿಯಲ್ಲಿ ಭಯಂಕರ ಹಸಿವು ಬರುತ್ತದೆ. ಟಿಎಚ್‌ಸಿಯ ಗುಣವೇ ಅದು, ಏಡ್ಸ್ ರೋಗಿಗಳ ಹಸಿವು ಹೆಚ್ಚಿಸೋಕೂ ಡ್ರೊನಾಬಿನಾಲ್ ಕೊಡುತ್ತಾರೆ. ಆಗ ಕೈ ಹೋಗೋದು ಚಕ್ಕುಲಿ ಡಬ್ಬಿಗೆ, ಫ್ರಿಜ್ಜಿನ ಐಸ್‌ಕ್ರೀಮಿಗೆ. ಗಮ್ಮಿಯಲ್ಲಿ ಒಂದಿಷ್ಟು ಇನ್ನೂ ಕರುಳಿನಲ್ಲೇ ಇದ್ದರೆ ಈ ಜಿಡ್ಡೂ ಅದಕ್ಕೆ ಸೇರಿಕೊಳ್ಳುತ್ತದೆ, ರಾತ್ರಿ ಇನ್ನೂ ಉದ್ದವಾಗುತ್ತದೆ. ಮುಂಚೆಯೇ ಹಣ್ಣು ಹೆಚ್ಚಿಟ್ಟುಕೊಳ್ಳಿ, ಮಂಡಕ್ಕಿ ಒಗ್ಗರಣೆ ಮಾಡಿಟ್ಟುಕೊಳ್ಳಿ, ನೀರಿನ ಬಾಟಲಿ ಪಕ್ಕಕ್ಕಿರಲಿ. ಮತ್ತು ಗಮ್ಮಿಯ ಡಬ್ಬಿ ಆ ತಿಂಡಿಗಳ ಹತ್ತಿರ ಎಲ್ಲೂ ಇರಬಾರದು. ಹಸಿದ ಅಮಲಿನವನಿಗೆ ಅದೂ ಒಂದು ಮಿಠಾಯಿಯೇ. ಮಕ್ಕಳಿರುವ ಮನೆಯಾದರೆ ಬೀಗ ಹಾಕಿದ ಪೆಟ್ಟಿಗೆ, ಮೇಲಿನ ಕಪಾಟು. ಮಗುವಿನ ಸಣ್ಣ ಮೈಗೆ ನಿಮ್ಮ ಅರ್ಧ ಗಮ್ಮಿಯೂ ಆಸ್ಪತ್ರೆಯ ದಾರಿ.

ಕಾಶಿಯ ಲೋಟದ ಬಗ್ಗೆ ಒಂದು ಮಾತು

ಊರಿನವರಿಗೆ ಇದರಲ್ಲಿ ನಿಜವಾಗಿ ಕೆಲಸಕ್ಕೆ ಬರೋದು ಇಲ್ಲಿದೆ. ಎನ್‌ಡಿಪಿಎಸ್ ಕಾಯ್ದೆಯಲ್ಲಿ ಗಾಂಜಾ ಅಂದರೆ ಹೂವು, ಕಾಯಿ ಇರುವ ತುದಿ. ಬರೀ ಎಲೆ, ಬೀಜ ಅದರಲ್ಲಿ ಬರೋದಿಲ್ಲ. ಹಾಗಾಗಿ ಎಲೆ ಅರೆದು ಮಾಡುವ ಭಾಂಗ್, ನಮ್ಮ ಕಡೆ ಭಂಗಿ ಅನ್ನುವುದು, ಆಯಾ ರಾಜ್ಯದ ಕಾನೂನಿನ ಮೇಲೆ ನಿಂತಿದೆ. ಉತ್ತರ ಪ್ರದೇಶ, ರಾಜಸ್ಥಾನಗಳಲ್ಲಿ ಸರ್ಕಾರದ ಲೈಸೆನ್ಸ್ ಇರುವ ಅಂಗಡಿಗಳೇ ಇವೆ. ಕಾಶಿಗೆ ಹೋದ ನಮ್ಮವರು ಗಂಗೆಯಲ್ಲಿ ಮುಳುಗಿ, ದರ್ಶನ ಆಗುವವರೆಗೆ ಏನೂ ತಿನ್ನದೆ, ಆಮೇಲೆ ಗಲ್ಲಿಯಲ್ಲಿ ಭಾಂಗ್ ಬೆರೆಸಿದ ಒಂದು ಲೋಟ ಠಂಡಾಯಿ ಕುಡಿಯುತ್ತಾರೆ. ಹಾಲು, ಬಾದಾಮಿ, ಮಲಾಯಿ, ಅಂದರೆ ಜಿಡ್ಡು ಲೋಟದೊಳಗೇ ಇದೆ. ಮಿಲಿಗ್ರಾಂ ಬರೆದ ಚೀಟಿ ಇಲ್ಲ. ಹೊಟ್ಟೆ ಬೇರೆ ಖಾಲಿ. ರುಚಿಯಾಗಿದೆ ಅಂತ ಇನ್ನೊಂದು ಲೋಟ. ಆಮೇಲೆ ಘಾಟಿನ ಮೆಟ್ಟಿಲು ಇಳಿಯಬೇಕು.

ಹಾಲಿನಲ್ಲಿ, ತುಪ್ಪದಲ್ಲಿ ಕಾಯಿಸಿದರೇ ಇದರ ಸತ್ವ ಬಿಡೋದು ಅಂತ ಹಳಬರಿಗೆ ಕೆಮಿಸ್ಟ್ರಿ ಓದದೆಯೇ ಗೊತ್ತಿತ್ತು. ಒಂದು ಲೋಟಕ್ಕೇ ನಿಲ್ಲಿಸಬೇಕು ಅನ್ನೋದೂ ಗೊತ್ತಿತ್ತು ಅಂದುಕೊಳ್ಳುತ್ತೇನೆ. ಪ್ಯಾಕೇಜ್ ಟೂರಿನವರಿಗೆ ಅದನ್ನು ಹೇಳುವವರಿಲ್ಲ. ತಿಳಿಯದಿದ್ದರೆ ಸಾದಾ ಠಂಡಾಯಿ ಅಂತ ಬಿಡಿಸಿ ಹೇಳಿ ಕುಡಿಯಿರಿ.

ಜಾಸ್ತಿ ಆಗಿಹೋದರೆ

ಮೊಸರು ಕುಡಿಸು, ನಿಂಬೆಹುಳಿ ಹಿಂಡು, ಕಾಳುಮೆಣಸು ಅಗಿ, ಹುಣಸೆಹಣ್ಣು ಕೊಡು, ಉಪ್ಪಿನಕಾಯಿ ನೆಕ್ಕಿಸು. ಎಲ್ಲ ಕೇಳಿದ್ದೇನೆ, ಕೆಲವನ್ನು ಮಾಡಿಯೂ ನೋಡಿದ್ದೇನೆ. ಬಾಯಿಗೆ ಹುಳಿ ತಗುಲಿ ಗಮನ ಆ ಕಡೆ ಹೋಗಬಹುದು, ಆದರೆ ರಕ್ತಕ್ಕೆ ಸೇರಿದ್ದನ್ನು ಯಾವ ಉಪ್ಪಿನಕಾಯಿಯೂ ವಾಪಸ್ ತರೋದಿಲ್ಲ. ‘ಹೊಟ್ಟೆ ತುಂಬ ಊಟ ಹಾಕು, ಇಳಿಯುತ್ತೆ’ ಅನ್ನೋದು ಮಾತ್ರ ಮಾಡಲೇಬೇಡಿ, ಯಾಕೆ ಅಂತ ಈಗ ನಿಮಗೇ ಗೊತ್ತು. ಬೆರಳು ಹಾಕಿ ವಾಂತಿ ಮಾಡಿಸೋದೂ ಬೇಡ.

ಮಂದ ಬೆಳಕು, ನೀರು ಗುಟುಕು ಗುಟುಕಾಗಿ, ಹಸಿವಿದ್ದರೆ ಎರಡು ಬಿಸ್ಕತ್ತು, ಪಕ್ಕಕ್ಕೆ ಹೊರಳಿ ಮಲಗೋದು, ಜೊತೆಗೆ ಅಮಲಿಲ್ಲದ ಒಬ್ಬರು. ಮೆಟ್ಟಿಲು, ಬಾಲ್ಕನಿ, ಕಾರಿನ ಕೀಲಿ ಕೈಗೆ ಸಿಗದ ಹಾಗಿರಲಿ. ಇದು ಇಳಿಯುತ್ತದೆ ಅಂತ ಆಗಾಗ ಹೇಳುತ್ತಿರಿ, ಅಷ್ಟು ಹೇಳೋದೇ ದೊಡ್ಡ ಔಷಧ. ನನಗೆ ಆ ರಾತ್ರಿ ‘ನೀರು ಬೇಕೇನ್ರೀ’ ಅನ್ನುವ ದನಿಯೇ ಆಸರೆ ಆಗಿದ್ದು.

ಎದೆನೋವು, ಉಸಿರಾಟದ ತೊಂದರೆ, ಎಬ್ಬಿಸಿದರೂ ಏಳದ ಸ್ಥಿತಿ, ಇಲ್ಲದ್ದು ಕಾಣೋದು, ತನಗೋ ಇನ್ನೊಬ್ಬರಿಗೋ ಏನಾದರೂ ಮಾಡಿಕೊಳ್ಳುವ ಮಾತು, ಇಂಥದ್ದು ಕಂಡರೆ 911ಕ್ಕೆ ಕರೆ ಮಾಡಿ. ಮಗು ತಿಂದಿದ್ದರೆ ಲಕ್ಷಣ ಕಾಣಲಿ ಅಂತ ಕಾಯಬೇಡಿ, ಕೂಡಲೇ ಕರೆ ಮಾಡಿ. ಅಮೆರಿಕದಲ್ಲಿ ವಿಷ ನಿಯಂತ್ರಣ ಕೇಂದ್ರದ ಸಂಖ್ಯೆ 1-800-222-1222, ಹಗಲೂ ರಾತ್ರಿ ಇರುತ್ತಾರೆ, ದುಡ್ಡಿಲ್ಲ. ಫೋನೆತ್ತಿದವರಿಗೆ ಎಷ್ಟು ಮಿಲಿಗ್ರಾಂ, ಎಷ್ಟು ಗಂಟೆಗೆ ತಿಂದದ್ದು ಅಂತ ಹೇಳಿ. ಅದಕ್ಕೆ ಮುಂಚೆ ಏನು ಊಟ ಆಗಿತ್ತು ಅನ್ನೋದನ್ನು ಅವರು ಕೇಳದಿದ್ದರೂ ಹೇಳಿ.